ಸೈನ್ಯದ ದುಡ್ಡಲ್ಲಿ ಡಾಕ್ಟರ್ ಓದು: ಸಹಿ ಹಾಕೋದು ಯಾವಾಗ?

ಈ ತಿಂಗಳು ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಮ್ಮಿ ಒಂದೇ ವಿಷಯದ್ದು. ಎರಡು ಅಮೆರಿಕದಿಂದ, ಒಂದು ಗದಗ ಕಡೆಯಿಂದ. ಮೂರೂ ಮನೆಯಲ್ಲಿ ಮಕ್ಕಳು ಡಾಕ್ಟರ್ ಆಗ್ಬೇಕು ಅಂತಿದಾರೆ, ಅದಕ್ಕೆ ದುಡ್ಡು ಸೈನ್ಯದಿಂದ ಬರುತ್ತಾ ಅಂತ ಕೇಳ್ತಿದಾರೆ. ಬೇರೆ ಪತ್ರಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟು ಈ ಸಲ ಇವಕ್ಕೆ ಮಾತ್ರ ಉತ್ತರ ಬರೀತಿದೀನಿ.

ಪ್ರಶ್ನೆ: ಮೇಡಂ ನಮಸ್ತೆ. ನಾವು ಮೈಸೂರಿನವರು, ಮದುವೆ ಆದಾಗಿಂದ ಟೆಕ್ಸಾಸ್‌ನಲ್ಲೇ ಇದೀವಿ, ಡಲ್ಲಾಸ್ ಹತ್ತಿರ. ಮಗ ಇಲ್ಲೇ ಹುಟ್ಟಿದವನು, ಹೈಸ್ಕೂಲ್ ಕೊನೇ ವರ್ಷ, ಚಿಕ್ಕವನಿದ್ದಾಗಿಂದ ಡಾಕ್ಟರ್ ಡಾಕ್ಟರ್ ಅಂತಾನೆ. ಹೋದ ವರ್ಷ ನಮ್ಮನೆಯವರ ಕೆಲಸ ಹೋಯ್ತು, ಇನ್ನೂ ಸರಿಯಾದ್ದು ಸಿಕ್ಕಿಲ್ಲ, ಅದನ್ನ ನೋಡಿ ಇವನು ನಮಗೆ ಹೇಳದೇ ಆರ್ಮಿ ಆರ್‌ಓಟಿಸಿಗೆ (ಕಾಲೇಜ್ ಓದ್ತಾನೇ ಆಫೀಸರ್ ಆಗೋ ತರಬೇತಿ) ಅಪ್ಲೈ ಮಾಡಿ ಈಗ 4 ವರ್ಷದ ಸ್ಕಾಲರ್‌ಶಿಪ್ ಆಫರ್ ಬಂದಿದೆ. ಕಾಲೇಜ್ ಫ್ರೀ, ಆಮೇಲೆ ಮೆಡಿಕಲ್ ಸ್ಕೂಲನ್ನೂ ಆರ್ಮಿನೇ ಓದಿಸತ್ತೆ, ನಿಮಗೆ ಒಂದು ಡಾಲರ್ ಖರ್ಚಿಲ್ಲ ಅಂತಾನೆ. ನಮ್ಮತ್ತೆ ಮೈಸೂರಿಂದ ದಿನಾ ಫೋನ್ ಮಾಡಿ ಅಳ್ತಾರೆ. ನನಗೂ ಭಯ, ಆದ್ರೆ ದುಡ್ಡಿಲ್ಲದಿರೋವಾಗ ಬೇಡ ಅನ್ನಕ್ಕೆ ಬಾಯಿ ಬರ್ತಿಲ್ಲ. ಇನ್ನೊಂದು, ಅವನಿಗೆ ಅಸ್ತಮಾ ಇತ್ತು, 14 ವರ್ಷದವರೆಗೂ ಇನ್‌ಹೇಲರ್ ತಗೊಂಡಿದಾನೆ, ಪರಿಚಯದವರೊಬ್ಬರು ಅದನ್ನ ಫಾರ್ಮಲ್ಲಿ ಬರೀಲೇಬೇಡಿ ಅಂದ್ರು. ಏನ್ ಮಾಡ್ಲಿ?

ಉತ್ತರ: ಅಕ್ಕ, ಅಪ್ಪನ ಕೆಲಸ ಹೋಗಿದ್ದು ನೋಡಿ ತನ್ನ ಓದಿನ ಭಾರ ತಾನೇ ಹೊರೋಣ ಅಂತ ಹೊರಟ ಹುಡುಗನ ಬಗ್ಗೆ ನನಗೆ ತುಂಬಾ ಗೌರವ ಇದೆ, ಅದನ್ನ ಮೊದಲು ಅವನಿಗೆ ಹೇಳಿ. ಆಮೇಲೆ ಕೂತು ಲೆಕ್ಕ ಮಾತಾಡಿ.

ಅವನು ಹೇಳಿದ್ರಲ್ಲಿ ಕಾಲೇಜಿನ ಭಾಗ ನಿಜ. ಆ ಸ್ಕಾಲರ್‌ಶಿಪ್ಪಲ್ಲಿ ಪೂರ್ತಿ ಟ್ಯೂಷನ್, ಇಲ್ಲಾ ಅದರ ಬದಲು ಇರೋದು ಊಟದ ಖರ್ಚು, ಎರಡರಲ್ಲಿ ಒಂದನ್ನ ಕೊಡ್ತಾರೆ, ಪುಸ್ತಕಕ್ಕೆ ವರ್ಷಕ್ಕೆ 1,200 ಡಾಲರ್, ಕೈಖರ್ಚಿಗೆ ಕಾಲೇಜ್ ನಡೆಯೋವಾಗ ತಿಂಗಳಿಗೆ 420 ಡಾಲರ್. ಡಿಗ್ರಿ ಮುಗಿದಾಗ ಸೆಕೆಂಡ್ ಲೆಫ್ಟಿನೆಂಟ್ ಆಗಿ ಹೊರಗೆ ಬರ್ತಾನೆ. ಇದಕ್ಕೆ ಅವನು ಕೊಡಬೇಕಾದ್ದು ಒಟ್ಟು 8 ವರ್ಷ, ಸಾಮಾನ್ಯವಾಗಿ ಅದರಲ್ಲಿ 4 ವರ್ಷ ಆಕ್ಟಿವ್ ಡ್ಯೂಟಿ (ಪೂರ್ಣಾವಧಿ ಸೇವೆ), ಉಳಿದದ್ದು ರಿಸರ್ವ್ (ಕರೆದಾಗ ಹೋಗೋದು).

ಮೆಡಿಕಲ್ ಸ್ಕೂಲಿನ ಭಾಗ ಮಾತ್ರ ಹಾಗಿಲ್ಲ. ಅವನು ಸಹಿ ಹಾಕೋ ಕಾಂಟ್ರಾಕ್ಟಲ್ಲಿ ಇವನನ್ನ ಡಾಕ್ಟರ್ ಮಾಡ್ತೀವಿ ಅನ್ನೋ ಮಾತೇ ಇರಲ್ಲ, ಆರ್ಮಿಗೆ ಬೇಕಾಗಿರೋದು ಆಫೀಸರ್, ಆ ಆಫೀಸರ್ ಇನ್‌ಫೆಂಟ್ರಿಗೆ ಹೋಗಬಹುದು, ಲಾಜಿಸ್ಟಿಕ್ಸಿಗೆ ಹೋಗಬಹುದು, ಸಿಗ್ನಲ್ಸಿಗೂ ಹೋಗಬಹುದು. ಮೆಡಿಕಲ್ ಸ್ಕೂಲಿಗೆ ಹೋಗಬೇಕು ಅಂದ್ರೆ ಎಜುಕೇಷನಲ್ ಡಿಲೇ ಅಂತ ಇದೆ, ಅಂದ್ರೆ ನನ್ನ ಸೇವೆಯನ್ನ ಓದು ಮುಗಿಯೋವರೆಗೆ ಮುಂದಕ್ಕೆ ಹಾಕಿ ಅಂತ ಕೇಳ್ಕೊಳ್ಳೋದು. ಅದಕ್ಕೆ ಅವನು ಬೇರೆ ಅರ್ಜಿ ಹಾಕಬೇಕು, ಆರ್ಮಿ ಒಪ್ಪಬೇಕು, ಅದಕ್ಕಿಂತ ಮುಖ್ಯವಾಗಿ ಮೆಡಿಕಲ್ ಸ್ಕೂಲಲ್ಲಿ ಸೀಟು ಸಿಕ್ಕಿರಬೇಕು. ಅಮೆರಿಕದಲ್ಲಿ ಒಂದು ವರ್ಷ ಅಪ್ಲೈ ಮಾಡಿದವರಲ್ಲಿ ಅರ್ಧಕ್ಕಿಂತ ಕಡಿಮೆ ಜನಕ್ಕೇ ಆ ವರ್ಷ ಸೀಟು ಸಿಗೋದು, ಸಿಕ್ಕಿದವರ ಸರಾಸರಿ ಜಿಪಿಎ (ಡಿಗ್ರಿಯ ಅಂಕ) 3.7ರ ಮೇಲೆ, ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) 511-512ರ ಆಸುಪಾಸು. ಸಿಗದೇ ಹೋದ ಬೇರೆ ಹುಡುಗರು ಏನ್ ಮಾಡ್ತಾರೆ, ಒಂದು ವರ್ಷ ಆಸ್ಪತ್ರೆಯಲ್ಲೋ ಲ್ಯಾಬಲ್ಲೋ ಕೆಲಸ ಮಾಡ್ಕೊಂಡು ಮತ್ತೆ ಅಪ್ಲೈ ಮಾಡ್ತಾರೆ, ಈಗಂತೂ ಮೆಡಿಕಲ್ ಸ್ಕೂಲ್ ಸೇರೋ ಹೆಚ್ಚಿನ ಮಕ್ಕಳು ಡಿಗ್ರಿ ಆದ್ಮೇಲೆ ಒಂದೋ ಎರಡೋ ವರ್ಷ ಬಿಟ್ಟೇ ಸೇರ್ತಿರೋದು. ನಿಮ್ಮ ಮಗನಿಗೆ ಆ ಸಲೀಸು ಇರಲ್ಲ. ಸೀಟು ಸಿಗದಿದ್ರೆ ಯೂನಿಫಾರ್ಮ್ ಹಾಕ್ಕೊಂಡು ಎಲ್ಲಿಗೆ ಹೇಳ್ತಾರೋ ಅಲ್ಲಿಗೆ ಹೋಗಬೇಕು. ನಾಲ್ಕು ವರ್ಷ ಮುಗಿಸಿ ವಾಪಸ್ ಬಂದು ಮೆಡಿಕಲ್ ಸೇರಿದವರೂ ಇದಾರೆ, ಅವರು ಒಳ್ಳೇ ಡಾಕ್ಟರುಗಳೂ ಆಗ್ತಾರೆ, ಆದ್ರೆ ಆ ನಾಲ್ಕು ವರ್ಷ ಬೇಡ ಅನ್ನೋ ಹುಡುಗನಿಗೆ ಅದು ತುಂಬಾ ಉದ್ದ.

ಕಾಲೇಜಿನ ದಿನ ಹೇಗಿರುತ್ತೆ ಅನ್ನೋದನ್ನೂ ನೋಡಿ. ಬೆಳಗ್ಗೆ ಆರಕ್ಕೆಲ್ಲ ಪಿಟಿ, ಓಡಿ ಬೆವರಿ ಬಂದು ಸ್ನಾನ ಮಾಡಿ ಎಂಟಕ್ಕೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಕ್ಲಾಸು, ಮಧ್ಯಾಹ್ನ ನಾಲ್ಕು ಗಂಟೆಯ ಲ್ಯಾಬು, ವಾರದಲ್ಲೊಂದು ದಿನ ಮಿಲಿಟರಿ ಸೈನ್ಸ್ ಲ್ಯಾಬು, ಆಗಾಗ ವೀಕೆಂಡ್ ಫೀಲ್ಡ್ ಟ್ರೈನಿಂಗು. ಪ್ರೀ-ಮೆಡ್ ಹುಡುಗ ಇದರ ಜೊತೆ ಆಸ್ಪತ್ರೆ ಶ್ಯಾಡೋಯಿಂಗು (ಡಾಕ್ಟರ್ ಜೊತೆ ಇದ್ದು ನೋಡಿ ಕಲಿಯೋದು), ವಾಲಂಟಿಯರ್ ಕೆಲಸ, ರಿಸರ್ಚು ಎಲ್ಲ ಮಾಡಬೇಕು. ಮಾಡೋರು ಮಾಡ್ತಾರೆ. ಆದ್ರೆ ಇದರಲ್ಲಿ ಒಂದು ಬೇಸಿಗೆ ಬಹಳ ಕಷ್ಟದ್ದು, ಮೂರನೇ ವರ್ಷ ಮುಗಿದ ಮೇಲಿನ ಬೇಸಿಗೆ. ಡಿಗ್ರಿ ಮುಗಿದ ತಕ್ಷಣ ಮೆಡಿಕಲ್ ಸೇರಬೇಕು ಅನ್ನೋರು ಆ ಬೇಸಿಗೇಲೇ ಎಂಕ್ಯಾಟ್ ಮುಗಿಸಿ, ಮೇ-ಜೂನಲ್ಲಿ ಅರ್ಜಿ ಕಳ್ಸಿ, ಆಮೇಲೆ ಒಂದೊಂದು ಕಾಲೇಜೂ ಕೇಳೋ ಎಸ್ಸೇಗಳನ್ನ ಬರೀತಾ ಕೂತಿರ್ತಾರೆ. ಆರ್ಮಿ ಕೆಡೆಟ್‌ಗಳಿಗೆ ಅದೇ ಬೇಸಿಗೇಲಿ ಕೆಂಟಕಿಯ ಫೋರ್ಟ್ ನಾಕ್ಸಲ್ಲಿ ಅಡ್ವಾನ್ಸ್ಡ್ ಕ್ಯಾಂಪು, ಒಂದು ತಿಂಗಳ ಮೇಲೇ ಇರುತ್ತೆ, ಅಲ್ಲಿ ಕಾಡಲ್ಲಿ ರೈಫಲ್ ಹಿಡ್ಕೊಂಡಿರೋವಾಗ ಲ್ಯಾಪ್‌ಟಾಪು ಫೋನು ಸಿಗಲ್ಲ. ಹಾಗಾಗಿ ಎಂಕ್ಯಾಟನ್ನ ಜನವರಿ ಅಥವಾ ಮಾರ್ಚಲ್ಲೇ ಬರೆದು, ಅರ್ಜಿ ಎಸ್ಸೇ ಎಲ್ಲ ಕ್ಯಾಂಪಿಗೆ ಹೋಗೋ ಮುಂಚೆ ತಯಾರಿಟ್ಟಿರಬೇಕು. ಕಾಲೇಜಿನ ಮೊದಲ ದಿನದಿಂದ ಈ ಒಂದು ಬೇಸಿಗೆಯನ್ನ ಲೆಕ್ಕದಲ್ಲಿಟ್ಕೊಂಡು ಕೋರ್ಸ್ ಆರಿಸಬೇಕು ಅಂತ ಅವನಿಗೆ ಹೇಳಿ, ಇದನ್ನ ಮೊದಲೇ ಹೇಳೋರು ಕಡಿಮೆ.

ಇನ್ನು ಮೆಡಿಕಲ್ ಸ್ಕೂಲನ್ನೂ ಆರ್ಮಿ ಓದಿಸತ್ತೆ ಅಂದ್ನಲ್ಲ. ಓದಿಸತ್ತೆ, ಆದ್ರೆ ಅದು ಬೇರೆ ಸ್ಕಾಲರ್‌ಶಿಪ್, ಎಚ್‌ಪಿಎಸ್‌ಪಿ ಅಂತಾರೆ, ಅದಕ್ಕೆ ಬೇರೆ ಕಾಂಟ್ರಾಕ್ಟು, ಬೇರೆ ಋಣ. 4 ವರ್ಷ ತಗೊಂಡ್ರೆ 4 ವರ್ಷ ಕೊಡಬೇಕು, ಅದು ಆರ್‌ಓಟಿಸಿಯ 4 ವರ್ಷದ ಮೇಲೆ ಕೂಡುತ್ತೆ. ಒಟ್ಟು 8 ವರ್ಷ ಆಕ್ಟಿವ್ ಡ್ಯೂಟಿ, ಅದೂ ರೆಸಿಡೆನ್ಸಿ (ಮೆಡಿಕಲ್ ಸ್ಕೂಲ್ ಆದ್ಮೇಲಿನ ಸ್ಪೆಷಲಿಸ್ಟ್ ತರಬೇತಿ) ಮುಗಿದ ಮೇಲೆ ಎಣಿಸಕ್ಕೆ ಶುರು. 26ಕ್ಕೆ ಎಂಡಿ (ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಮುಗಿಸಿ ಐದು ವರ್ಷದ ಸರ್ಜರಿ ರೆಸಿಡೆನ್ಸಿ ಮಾಡಿದ್ರೆ 31, ಅಲ್ಲಿಂದ 8 ವರ್ಷ ಅಂದ್ರೆ 39. ಹದಿನೇಳು ವರ್ಷದ ಹುಡುಗ ಇವತ್ತು ಹಾಕೋ ಸಹಿ ಅಲ್ಲೀವರೆಗೆ ಹೋಗುತ್ತೆ. ಮನಸ್ಸಿದ್ರೆ ತುಂಬಾ ಒಳ್ಳೇ ಬದುಕು ಅದು. ಬರೀ ಫೀಸಿಗೋಸ್ಕರ ಆದ್ರೆ ಬೇಡ.

ಅದಕ್ಕೇ ನನ್ನ ಅಭಿಪ್ರಾಯ ಇದು: ಡಾಕ್ಟರ್ ಆಗೋದೇ ಗುರಿ, ಸೈನ್ಯ ದುಡ್ಡಿಗೆ ಮಾತ್ರ ಅಂತಿದ್ರೆ ಡಿಗ್ರಿ ಹಂತದಲ್ಲಿ ಸಹಿ ಹಾಕಬಾರದು. ಮೆಡಿಕಲ್ ಸೀಟು ಕೈಗೆ ಬಂದ ಮೇಲೆ ಎಚ್‌ಪಿಎಸ್‌ಪಿ ತಗೊಳ್ಳಲಿ. ಆಗ ಅವನು ಡಾಕ್ಟರ್ ಆಗೋದಂತೂ ಗೊತ್ತಾಗಿರುತ್ತೆ, ವಯಸ್ಸು 22 ಆಗಿರುತ್ತೆ, ಋಣ ಅರ್ಧ ಆಗುತ್ತೆ. ಆಫೀಸರ್ ಆಗೋ ಆಸೆ ಅವನಿಗೆ ನಿಜವಾಗ್ಲೂ ಇದ್ರೆ ಮಾತು ಬೇರೆ. ಅದನ್ನ ತಿಳ್ಕೊಳ್ಳೋಕೆ ಅವನನ್ನ ಒಂದೇ ಪ್ರಶ್ನೆ ಕೇಳಿ: ಮೆಡಿಕಲ್ ಸೀಟು ಸಿಗದೇ ನಾಲ್ಕು ವರ್ಷ ಟ್ರಕ್ಕುಗಳ ಸಪ್ಲೈ ನೋಡ್ಕೊಳ್ಳೋ ಲೆಫ್ಟಿನೆಂಟ್ ಆಗಿದ್ರೂ ಖುಷಿಯಾಗಿರ್ತೀಯಾ? ಹೌದು ಅಂದ್ರೆ ಆಶೀರ್ವಾದ ಮಾಡಿ ಕಳ್ಸಿ. ತಡವರಿಸಿದ್ರೆ ಬೇಡ.

ಬೇಡ ಅಂದ್ರೆ ಕಾಲೇಜಿಗೆ ದುಡ್ಡು ಎಲ್ಲಿಂದ? ನೀವು ಟೆಕ್ಸಾಸ್‌ನಲ್ಲಿರೋದು ಇಲ್ಲಿ ದೊಡ್ಡ ಅನುಕೂಲ. ಯೂನಿವರ್ಸಿಟಿ ಆಫ್ ಟೆಕ್ಸಾಸ್ ಸಿಸ್ಟಮ್ಮಿನ ಕಾಲೇಜುಗಳಲ್ಲಿ 2025ರ ಫಾಲ್‌ನಿಂದ, ಮನೆಯ ಆದಾಯ ವರ್ಷಕ್ಕೆ 1 ಲಕ್ಷ ಡಾಲರ್ ಒಳಗಿರೋ ಟೆಕ್ಸಾಸ್ ಮಕ್ಕಳಿಗೆ ಟ್ಯೂಷನ್ ಇಲ್ಲ, ಆಸ್ಟಿನ್, ಡಲ್ಲಾಸ್, ಆರ್ಲಿಂಗ್ಟನ್ ಎಲ್ಲ ಅದರಲ್ಲಿ ಬರುತ್ತೆ, ಎಫ್‌ಎಎಫ್‌ಎಸ್‌ಎ ಅನ್ನೋ ಸರ್ಕಾರಿ ಸಹಾಯಧನದ ಫಾರ್ಮ್ ತುಂಬಿರಬೇಕು. ಆ ಫಾರ್ಮಲ್ಲಿ ಎರಡು ವರ್ಷ ಹಿಂದಿನ ಟ್ಯಾಕ್ಸ್ ಲೆಕ್ಕ ತಗೋತಾರೆ, ನಿಮ್ಮನೆಯವರ ಹಳೇ ಸಂಬಳನೇ ಅಲ್ಲಿ ಕಾಣೋದು, ಅದಕ್ಕೆ ಎದೆಗುಂದಬೇಡಿ. ಕೆಲಸ ಹೋದ ಪತ್ರ, ಈಗಿನ ಆದಾಯದ ಕಾಗದ ಎಲ್ಲ ಜೋಡಿಸಿ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಪರಿಸ್ಥಿತಿ ಬದಲಾಗಿದೆ, ಮತ್ತೆ ನೋಡಿ ಅಂತ ಬರೀರಿ, ಅವರಿಗೆ ಅದನ್ನ ತಿದ್ದೋ ಅಧಿಕಾರ ಇದೆ. ನಮ್ಮ ಜನ ಇದನ್ನ ಕೇಳೋಕೆ ನಾಚ್ಕೋತಾರೆ, ದಯವಿಟ್ಟು ನಾಚ್ಕೋಬೇಡಿ. ಮುಂದೆ ಮೆಡಿಕಲ್‌ಗೂ ಅಷ್ಟೇ, ಟೆಕ್ಸಾಸ್‌ನ ಸರ್ಕಾರಿ ಮೆಡಿಕಲ್ ಸ್ಕೂಲುಗಳ ಟ್ಯೂಷನ್ ದೇಶದಲ್ಲೇ ಕಡಿಮೆ ಇರೋದ್ರಲ್ಲಿ ಸೇರುತ್ತೆ, ಸೀಟಲ್ಲಿ ನೂರಕ್ಕೆ 90 ರಾಜ್ಯದವರಿಗೇ. ಇಷ್ಟು ಕಡಿಮೆ ಫೀಸಿರೋವಾಗ ನಾಲ್ಕು ವರ್ಷ ಕೊಟ್ಟು ಅದನ್ನ ಉಳಿಸ್ಕೋಬೇಕಾ ಅನ್ನೋದೂ ಯೋಚನೆ ಮಾಡೋ ಮಾತೇ.

ಮಗ ಜಿಐ ಬಿಲ್ ಬಗ್ಗೆ ಹೇಳಬಹುದು. 36 ತಿಂಗಳು ಆಕ್ಟಿವ್ ಸೇವೆ ಮಾಡಿದವರಿಗೆ 36 ತಿಂಗಳ ಓದಿನ ಖರ್ಚು, ಮನೆ ಬಾಡಿಗೆ ಸಮೇತ ಕೊಡೋ ಸೌಲಭ್ಯ ಅದು, ಅದನ್ನ ಉಳಿಸಿಟ್ಟು ಮೆಡಿಕಲ್ ಸ್ಕೂಲಿಗೆ ಬಳಸಿದವರೂ ಇದಾರೆ, ಹೆಚ್ಚಾಗಿ ಸಿಪಾಯಿಯಾಗಿ ಸೇರಿ ಕಾಂಬ್ಯಾಟ್ ಮೆಡಿಕ್ ಆಗಿದ್ದು ಬಂದೋರು. ಆದ್ರೆ ಆರ್‌ಓಟಿಸಿ ಸ್ಕಾಲರ್‌ಶಿಪ್ಪಿನ ಋಣ ತೀರಿಸೋ ವರ್ಷಗಳು ಜಿಐ ಬಿಲ್ಲಿಗೆ ಲೆಕ್ಕ ಬರಲ್ಲ. ಎರಡೂ ಒಟ್ಟಿಗೆ ಸಿಗುತ್ತೆ ಅಂದ್ಕೊಂಡು ಹೊರಡೋ ಹುಡುಗರು ಬಹಳ.

ಅಸ್ತಮಾ ವಿಷಯ. 13ನೇ ಹುಟ್ಟುಹಬ್ಬದ ನಂತರವೂ ಅಸ್ತಮಾ ಇದ್ರೆ ಸೈನ್ಯದ ನಿಯಮದ ಪ್ರಕಾರ ಅನರ್ಹ, ಆದ್ರೆ ವೇವರ್ (ವಿನಾಯಿತಿ) ಕೇಳಬಹುದು, ಶ್ವಾಸಕೋಶದ ಟೆಸ್ಟ್ ಚೆನ್ನಾಗಿದ್ರೆ ಎಷ್ಟೋ ಜನಕ್ಕೆ ಸಿಕ್ಕಿದೆ. ಮುಚ್ಚಿಡೋದು ಮಾತ್ರ ಖಂಡಿತ ಬೇಡ. ಈಗ ಅವರ ವೈದ್ಯಕೀಯ ತಪಾಸಣೆ ವ್ಯವಸ್ಥೆಗೆ ಹೊರಗಿನ ಆಸ್ಪತ್ರೆ ಫಾರ್ಮಸಿ ದಾಖಲೆಗಳೂ ಕಾಣುತ್ತೆ, ಇನ್‌ಹೇಲರ್ ಪ್ರಿಸ್ಕ್ರಿಪ್ಷನ್ ಸಿಕ್ಕಿಬಿದ್ರೆ ಸ್ಕಾಲರ್‌ಶಿಪ್ ಹೋಗೋದಲ್ಲದೆ ಸುಳ್ಳು ಹೇಳಿದ ಕೇಸಾಗುತ್ತೆ. ಮುಂದೆ ಮೆಡಿಕಲ್ ಲೈಸೆನ್ಸ್ ಬೇಕಾದ ಹುಡುಗನ ಹೆಸರಿನ ಜೊತೆ ಅಂಥದ್ದೊಂದು ಕಾಗದ ಇರಬಾರದು. ಹೇಳ್ಬೇಡಿ ಅಂದ ಆ ಪರಿಚಯದವರ ಮಾತು ಕೇಳಬೇಡಿ.

ಇಷ್ಟೆಲ್ಲ ಆದ್ಮೇಲೂ ಅವನು ಹೋಗ್ತೀನಿ ಅಂದ್ರೆ ಒಂದು ಸಮಾಧಾನ ಇದೆ. 4 ವರ್ಷದ ಸ್ಕಾಲರ್‌ಶಿಪ್ಪಲ್ಲಿ ಮೊದಲ ವರ್ಷ ನೋಡಿ, ಎರಡನೇ ವರ್ಷ ಶುರು ಆಗೋ ಮುಂಚೆ ಬಿಟ್ಟರೆ ಸೇವೆಯ ಋಣ ಇಲ್ಲ. ಎರಡನೇ ವರ್ಷಕ್ಕೆ ಕಾಲಿಟ್ಟ ಮೇಲೆ ಬಿಟ್ಟರೆ ದುಡ್ಡು ವಾಪಸ್ ಕಟ್ಟಬೇಕು, ಇಲ್ಲಾ ಸಿಪಾಯಿಯಾಗಿ ಕರೆಸ್ಕೋಬಹುದು. ಸಹಿ ಹಾಕೋ ಮುಂಚೆ ಅಪ್ಪ ಅಮ್ಮ ಮಗ ಮೂರೂ ಜನ ಕಾಂಟ್ರಾಕ್ಟನ್ನ ಕೂತು ಓದಿ, ರಿಕ್ರೂಟರ್ ಬಾಯಲ್ಲಿ ಹೇಳಿದ್ದು ಕಾಗದದಲ್ಲಿದ್ಯಾ ನೋಡಿ, ಇಲ್ಲದಿದ್ರೆ ಅದು ಇಲ್ಲ ಅಂತಲೇ ತಿಳ್ಕೊಳ್ಳಿ. ಅತ್ತೆಯವರಿಗೆ ಹೇಳಿ, ಇದು ನಾಳೆನೇ ಯುದ್ಧಕ್ಕೆ ಕಳ್ಸೋ ಮಾತಲ್ಲ, ನಾಲ್ಕು ವರ್ಷ ಅವನು ಕಾಲೇಜಲ್ಲೇ ಇರ್ತಾನೆ ಅಂತ.

ಪ್ರಶ್ನೆ: ಆಂಟಿ ನಮಸ್ಕಾರ, ನನಗೆ ಕನ್ನಡ ಮಾತಾಡಕ್ಕೆ ಬರುತ್ತೆ, ಬರೆಯಕ್ಕೆ ಬರಲ್ಲ, ಅಮ್ಮ ಟೈಪ್ ಮಾಡ್ತಿದಾರೆ. ನ್ಯೂಜೆರ್ಸಿ, ವಯಸ್ಸು 23. ಪ್ರೈವೇಟ್ ಮೆಡಿಕಲ್ ಸ್ಕೂಲಲ್ಲಿ ಸೀಟು ಸಿಕ್ಕಿದೆ. ಸರ್ಕಾರಿ ಲೋನ್ ರೂಲ್ಸ್ ಬದಲಾಗಿ ಪೂರ್ತಿ ಸಿಗಲ್ಲ ಅಂದ್ರು. ನೇವಿ ರಿಕ್ರೂಟರ್ ಎಚ್‌ಪಿಎಸ್‌ಪಿ ಬಗ್ಗೆ ಹೇಳಿದಾರೆ. 4 ವರ್ಷ ಕೊಟ್ರೆ ಮುಗೀತು ಅಂತಾರೆ, ನಿಜಾನಾ? ಅಮ್ಮನ ಪ್ರಶ್ನೆ ಮದುವೆ ಬಗ್ಗೆ, ಮತ್ತೆ ಇಂಡಿಯಾಗೆ ಹೋಗಿ ಬರೋದರ ಬಗ್ಗೆ.

ಉತ್ತರ: ಸೀಟು ಸಿಕ್ಕಿದ್ದಕ್ಕೆ ಮೊದಲು ಅಭಿನಂದನೆ ಕಣಮ್ಮ. ಮೇಲಿನ ಪತ್ರದ ಹುಡುಗನಿಗೂ ನಿನಗೂ ಇರೋ ವ್ಯತ್ಯಾಸ ಅದೇ, ನಿನ್ನ ಕೈಯಲ್ಲಿ ಸೀಟಿದೆ, ಈಗ ಸೈನ್ಯದ ಜೊತೆ ಮಾತಾಡೋದು ಸರಿಯಾದ ಸಮಯ.

ಲೋನ್ ವಿಷಯ ನೀನು ಕೇಳಿದ್ದು ನಿಜ. ಗ್ರಾಡ್ ಪ್ಲಸ್ ಅನ್ನೋ ಸರ್ಕಾರಿ ಲೋನ್ 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ, ಮೆಡಿಕಲ್ ವಿದ್ಯಾರ್ಥಿಗಳಿಗೆ ಸರ್ಕಾರಿ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿಗೆ ನಿಲ್ಲುತ್ತೆ. ಪ್ರೈವೇಟ್ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷದ ಖರ್ಚು ಇರೋದು ಊಟ ಎಲ್ಲ ಸೇರಿ 3.9 ಲಕ್ಷದ ಹತ್ತಿರ ಬರುತ್ತೆ. ಮಿಕ್ಕಿದ್ದನ್ನ ಪ್ರೈವೇಟ್ ಬ್ಯಾಂಕಲ್ಲಿ ತಗೋಬೇಕು, ಬಡ್ಡಿನೂ ಜಾಸ್ತಿ, ಅಪ್ಪ ಅಮ್ಮನ ಸಹಿನೂ ಕೇಳ್ತಾರೆ. ಎಚ್‌ಪಿಎಸ್‌ಪಿಯಲ್ಲಿ ಟ್ಯೂಷನ್ ಪೂರ್ತಿ, ಪುಸ್ತಕ, ಸಲಕರಣೆ, ತಿಂಗಳಿಗೆ 2,800 ಡಾಲರ್ ಆಸುಪಾಸು ಸ್ಟೈಪೆಂಡು, ಶುರುನಲ್ಲಿ 20,000 ಡಾಲರ್ ಬೋನಸ್ಸು. ವರ್ಷಕ್ಕೆ 45 ದಿನ ಆಕ್ಟಿವ್ ಡ್ಯೂಟಿ, ಅದಕ್ಕೆ ಆಫೀಸರ್ ಸಂಬಳ. 1972ರ ಕಾನೂನಿಂದ ಬಂದ ಸ್ಕೀಮು, ಅರ್ಧ ಶತಮಾನ ನಡೆದಿದೆ, ದುಡ್ಡು ಬರುತ್ತೋ ಇಲ್ವೋ ಅನ್ನೋ ಚಿಂತೆ ಬೇಡ.

4 ವರ್ಷ ಕೊಟ್ರೆ ಮುಗೀತು ಅನ್ನೋದು ಮಾತ್ರ ಪೂರ್ತಿ ಹಾಗಲ್ಲ. ರೆಸಿಡೆನ್ಸಿ ವರ್ಷಗಳು ಆ ನಾಲ್ಕರಲ್ಲಿ ಬರಲ್ಲ. ಇನ್ನೊಂದು, ರೆಸಿಡೆನ್ಸಿಗೆ ನೀನು ಮೊದಲು ಮಿಲಿಟರಿ ಮ್ಯಾಚಿಗೆ (ಸೈನ್ಯ ರೆಸಿಡೆನ್ಸಿ ಸೀಟು ಹಂಚೋ ವ್ಯವಸ್ಥೆ) ಹೋಗಬೇಕು, ಅದರ ಫಲಿತಾಂಶ ಡಿಸೆಂಬರಲ್ಲಿ ಬರುತ್ತೆ, ಎಷ್ಟು ಡರ್ಮಟಾಲಜಿಸ್ಟ್, ಎಷ್ಟು ಆರ್ಥೋಪೆಡಿಕ್ ಸರ್ಜನ್ ಬೇಕು ಅನ್ನೋದನ್ನ ಆ ವರ್ಷ ಅವರ ಅಗತ್ಯ ನೋಡಿ ಅವರೇ ತೀರ್ಮಾನ ಮಾಡ್ತಾರೆ. ನೇವಿಯಲ್ಲಂತೂ ಎಷ್ಟೋ ಜನ ಇಂಟರ್ನ್‌ಶಿಪ್ ಒಂದು ವರ್ಷ ಮುಗಿಸಿದ ಮೇಲೆ ರೆಸಿಡೆನ್ಸಿ ಮುಂದುವರಿಸದೆ ಜನರಲ್ ಮೆಡಿಕಲ್ ಆಫೀಸರ್ ಆಗಿ ಹಡಗಿಗೋ ಮರೀನ್ ಬೆಟಾಲಿಯನ್ನಿಗೋ ಎರಡು ಮೂರು ವರ್ಷ ಹೋಗ್ತಾರೆ. ಆ ವರ್ಷಗಳು ಋಣದಲ್ಲಿ ಕಳೆಯುತ್ತೆ, ನಷ್ಟ ಅಲ್ಲ, ಆದ್ರೆ ನೇರವಾಗಿ ಸ್ಪೆಷಲಿಸ್ಟ್ ಆಗಬೇಕು ಅಂತ ಅಂದ್ಕೊಂಡಿದ್ರೆ ದಾರಿ ಉದ್ದ ಆಗುತ್ತೆ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಪೀಡಿಯಾಟ್ರಿಕ್ಸ್ ಕಡೆ ಮನಸ್ಸಿದ್ರೆ ಇದು ಒಳ್ಳೇ ಆಯ್ಕೆ, ದುಡ್ಡಿನ ಲೆಕ್ಕದಲ್ಲೂ ಒಳ್ಳೇದು. ಹೊರಗೆ ಬಹಳ ಸಂಪಾದಿಸೋ ಸರ್ಜಿಕಲ್ ಸ್ಪೆಷಾಲಿಟಿ ಬೇಕೇ ಬೇಕು ಅಂತಿದ್ರೆ ಸಾಲ ಮಾಡಿ ಓದಿದ್ರೂ ಕೊನೇಲಿ ನೀನೇ ಮುಂದಿರ್ತೀಯ. ಸಹಿ ಹಾಕೋ ಮುಂಚೆ ರಿಕ್ರೂಟರ್ ಹತ್ರ ಮಾತಾಡಿದಷ್ಟೇ ಹೊತ್ತು, ಈಗ ಋಣ ತೀರಿಸ್ತಿರೋ ಒಬ್ಬ ನೇವಿ ಡಾಕ್ಟರ್ ಹತ್ರನೂ ಮಾತಾಡು. ನನ್ನ ಜೊತೆ ಕೆಲಸ ಮಾಡಿದ ಮಾಜಿ ಮಿಲಿಟರಿ ಡಾಕ್ಟರುಗಳಲ್ಲಿ ಯಾರೂ ಕೇಳಿದ್ರೆ ಹೇಳಲ್ಲ ಅಂದಿಲ್ಲ, ಬಿಚ್ಚಿ ಹೇಳ್ತಾರೆ.

ಮೆರಿಲ್ಯಾಂಡಿನ ಬೆಥೆಸ್ಡಾದಲ್ಲಿ ಸೈನ್ಯದ್ದೇ ಮೆಡಿಕಲ್ ಸ್ಕೂಲಿದೆ, ಅಲ್ಲಿ ಟ್ಯೂಷನ್ ಇಲ್ಲ, ಓದೋವಾಗಲೇ ಆಫೀಸರ್ ಸಂಬಳ ಬರುತ್ತೆ, ಬದಲಿಗೆ 7 ವರ್ಷ. ಸೈನ್ಯದಲ್ಲೇ ಪೂರ್ತಿ ವೃತ್ತಿ ಮಾಡೋರಿಗೆ ಅದು ಸರಿ, ನಿನ್ನ ಪತ್ರ ನೋಡಿದ್ರೆ ನಿನಗೆ ಅಲ್ಲ ಅನ್ಸುತ್ತೆ.

ಅಮ್ಮನಿಗೆ: ಮದುವೆಗೆ ಅಡ್ಡಿ ಏನಿಲ್ಲ, ಆದ್ರೆ ಗಂಡನಾಗೋನಿಗೆ ಇದನ್ನ ಮೊದಲೇ ಹೇಳಿ, ಇವಳಿಗೆ ಸ್ಯಾನ್ ಡಿಯಾಗೋನೂ ಆಗಬಹುದು, ಜಪಾನೂ ಆಗಬಹುದು, ಡಿಪ್ಲಾಯ್ಮೆಂಟ್ ಬಂದ್ರೆ ಆರೆಂಟು ತಿಂಗಳು ಮನೆಯಲ್ಲಿರಲ್ಲ. ಇಂಡಿಯಾ ವಿಷಯ ಮಾತ್ರ ಗಮನ ಕೊಟ್ಟು ಓದಿ, ಮೊದಲ ಪತ್ರದ ತಾಯಿಯೂ ಓದಿ. ವಿದೇಶಿ ಸೈನ್ಯದಲ್ಲಿ ಕೆಲಸದಲ್ಲಿರೋರಿಗೆ, ನಿವೃತ್ತರಾದವರಿಗೂ ಓಸಿಐ (ಭಾರತ ಮೂಲದ ವಿದೇಶಿಯರು ವೀಸಾ ಇಲ್ಲದೆ ಬಂದು ಹೋಗೋ ಕಾರ್ಡ್) ಕೊಡಲ್ಲ ಅಂತ ಭಾರತ ಸರ್ಕಾರದ ನಿಯಮ ಇದೆ. ಇವಳ ಹತ್ರ ಈಗಾಗಲೇ ಕಾರ್ಡ್ ಇದ್ರೆ ಅದರ ಗತಿ ಏನು ಅಂತ ಸಹಿಗೆ ಮುಂಚೆಯೇ ಕಾನ್ಸುಲೇಟಿಗೆ ಬರೆದು ಉತ್ತರ ತಗೊಳ್ಳಿ. ಅಜ್ಜಿ ಮನೆಗೆ ಹೋಗಬೇಕಂದ್ರೆ ವೀಸಾ ಮಾಡಿಸ್ಕೋಬೇಕಾಗಬಹುದು, ಮೇಲಧಿಕಾರಿಗಳ ಅನುಮತಿನೂ ಬೇಕು, ರಾತ್ರೋರಾತ್ರಿ ಟಿಕೆಟ್ ತೆಗೆದು ಹೊರಡೋದು ಕಷ್ಟ. ಊರಲ್ಲಿ ವಯಸ್ಸಾದವರಿರೋ ಮನೆಗಳಿಗೆ ಇದು ಸಣ್ಣ ಮಾತಲ್ಲ, ಆದ್ರೆ ಯಾವ ರಿಕ್ರೂಟರಿಗೂ ಇದು ಗೊತ್ತಿರಲ್ಲ, ನಾವೇ ವಿಚಾರಿಸ್ಕೋಬೇಕು.

ಪ್ರಶ್ನೆ: ಮೇಡಂ ನಮಸ್ಕಾರ್ರಿ. ಗದಗ ಜಿಲ್ಲಾದವ್ರು ನಾವು, ಹಳ್ಳಿಯಾಗ ನಾಕು ಎಕರೆ ಒಣಬ್ಯಾಸಾಯ. ಮಗ ಪಿಯುಸಿ ಸೈನ್ಸ್ ಮುಗಿಸ್ಯಾನ, ಹತ್ತನೇತ್ತಾತನಕ ಊರಾಗಿನ ಕನ್ನಡ ಸಾಲ್ಯಾಗ ಓದ್ಯಾನ. ನೀಟ್ ಒಂದ್ ಸಲ ಬರದ, ಸೀಟ್ ಸಿಗಲಿಲ್ಲ. ಈಗ ಅಗ್ನಿವೀರ ಹೋಗ್ತೇನಿ, ನಾಕು ವರ್ಷದ ಮ್ಯಾಲೆ ಬರೋ ರೊಕ್ಕದಾಗ ಎಂಬಿಬಿಎಸ್ ಮಾಡ್ತೇನಿ ಅಂತ ಕುಂತಾನ. ಹೌದಂತೀರೋ ಬ್ಯಾಡಂತೀರೋ?

ಉತ್ತರ: ಸರ್, ಸೈನ್ಯಕ್ಕೆ ಹೋಗೋದು ದೊಡ್ಡ ಕೆಲಸ, ಅದಕ್ಕೆ ಬೇಡ ಅನ್ನಲ್ಲ. ಎಂಬಿಬಿಎಸ್ ದುಡ್ಡಿಗೋಸ್ಕರ ಹೋಗ್ತೀನಿ ಅನ್ನೋದಕ್ಕೆ ಮಾತ್ರ ಬೇಡ ಅಂತೀನಿ, ಲೆಕ್ಕ ನೋಡಿ.

ನಾಲ್ಕು ವರ್ಷ ಮುಗಿದಾಗ ಸಿಗೋ ಸೇವಾನಿಧಿ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಕರ್ನಾಟಕದಲ್ಲಿ ಪ್ರೈವೇಟ್ ಕಾಲೇಜಿನ ಪ್ರೈವೇಟ್ ಕೋಟಾ ಎಂಬಿಬಿಎಸ್ ಸೀಟು ವರ್ಷಕ್ಕೇ 12 ಲಕ್ಷದ ಹತ್ತಿರ. ಅಂದ್ರೆ ನಾಲ್ಕು ವರ್ಷದ ಕೊನೆಗೆ ಬರೋ ಆ ದುಡ್ಡು ಒಂದು ವರ್ಷದ ಫೀಸಿಗೂ ಸರಿಹೋಗಲ್ಲ. ಸರ್ಕಾರಿ ಕಾಲೇಜಲ್ಲಿ ಸರ್ಕಾರಿ ಸೀಟು ಸಿಕ್ಕರೆ ವರ್ಷಕ್ಕೆ 60-65 ಸಾವಿರ, ಅದಕ್ಕೆ ಅಗ್ನಿವೀರ ಆಗೋ ಅಗತ್ಯನೇ ಇಲ್ಲ. ಎರಡು ಕಡೆಯಿಂದ ನೋಡಿದ್ರೂ ನಿಮ್ಮ ಮಗನಿಗೆ ಅಡ್ಡ ಆಗಿರೋದು ನೀಟ್ ಅಂಕ, ರೊಕ್ಕ ಆಮೇಲೆ. ಆ ಅಂಕ, ಪುಸ್ತಕದಿಂದ ನಾಲ್ಕು ವರ್ಷ ದೂರ ಇದ್ದು ಬಂದ ಮೇಲೆ ಇನ್ನೂ ಕಷ್ಟ. ನಡುವೆ ನನಗೆ ಸೀಟು ಸಿಕ್ತು ಬಿಡ್ತೀನಿ ಅಂದ್ರೂ ತನ್ನಿಷ್ಟಕ್ಕೆ ಬಿಡೋ ಹಾಗಿಲ್ಲ. ನಾಲ್ಕು ವರ್ಷ ಆದ್ಮೇಲೆ ಸೈನ್ಯದಲ್ಲೇ ಮುಂದುವರಿಸೋದು ನೂರಕ್ಕೆ 25 ಜನರನ್ನ ಮಾತ್ರ.

ಸೈನ್ಯ ಮತ್ತು ಡಾಕ್ಟರ್ ಎರಡೂ ಒಟ್ಟಿಗೆ ಬೇಕು ಅಂದ್ರೆ ನಮ್ಮಲ್ಲಿ ಅದಕ್ಕೆ ಸರಿಯಾದ ಬಾಗಿಲು ಪುಣೆಯ ಎಎಫ್‌ಎಂಸಿ, ಸಶಸ್ತ್ರ ಪಡೆಗಳ ಮೆಡಿಕಲ್ ಕಾಲೇಜು. ಓದು, ಹಾಸ್ಟೆಲ್ ಎಲ್ಲ ಸರ್ಕಾರದ್ದು, ಮುಗಿದ ಮೇಲೆ ಸೈನ್ಯದ ಡಾಕ್ಟರ್ ಆಗಿ ಸೇವೆ ಮಾಡಬೇಕು, ಬಿಟ್ಟು ಹೋದ್ರೆ ಬಾಂಡಿನ ದೊಡ್ಡ ಮೊತ್ತ ಕಟ್ಟಬೇಕು. ನಮ್ಮ ದೇಶದ ಮಕ್ಕಳಿಗೆ 145 ಸೀಟು, ಅದರಲ್ಲಿ 115 ಹುಡುಗರಿಗೆ, 30 ಹುಡುಗಿಯರಿಗೆ. ನೀಟ್ ಬರೆದು ಎಂಸಿಸಿ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ) ವೆಬ್‌ಸೈಟಲ್ಲಿ ಎಎಫ್‌ಎಂಸಿ ಬೇಕು ಅಂತ ಬೇರೆ ನೋಂದಾಯಿಸಬೇಕು, ಅಲ್ಲಿಂದ ಪಟ್ಟಿ ಮಾಡಿ ಪುಣೆಗೆ ಕರೆದು ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಸಂದರ್ಶನ, ಮೆಡಿಕಲ್ ಎಲ್ಲ ಮಾಡ್ತಾರೆ. ಅಂಕ ಸರ್ಕಾರಿ ಸೀಟಿಗಿಂತ ಕಡಿಮೆ ಸಾಕು ಅಂತ ಅಂದ್ಕೋಬೇಡಿ, ಹೆಚ್ಚೇ ಬೇಕು. ಇನ್ನೊಂದು ದಾರಿ, ಎಲ್ಲಾದ್ರೂ ಎಂಬಿಬಿಎಸ್ ಮುಗಿಸಿ ಆಮೇಲೆ ಶಾರ್ಟ್ ಸರ್ವಿಸ್ ಕಮಿಷನ್‌ನಲ್ಲಿ ಆರ್ಮಿ ಮೆಡಿಕಲ್ ಕೋರ್ ಸೇರೋದು, ಅದಕ್ಕೆ ಈಗ ಏನೂ ಸಹಿ ಹಾಕಬೇಕಾಗಿಲ್ಲ.

ನನ್ನ ಸಲಹೆ, ಇನ್ನೊಂದು ವರ್ಷ ನೀಟ್‌ಗೆ ಪೂರ್ತಿ ಕೂರಲಿ. ಹಳ್ಳಿ ಸಾಲಿ, ಕನ್ನಡ ಮೀಡಿಯಂ ಅಂದ್ರಲ್ಲ, ಅದು ಅವನ ಬಲ. ಕೆಇಎ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಮೀಸಲು ನೂರಕ್ಕೆ 15, ಕನ್ನಡ ಮಾಧ್ಯಮಕ್ಕೆ ನೂರಕ್ಕೆ 5 ಇದೆ, ಒಂದರಿಂದ ಹತ್ತರವರೆಗೆ ಹಾಗೆ ಓದಿರೋ ದಾಖಲೆ ಬೇಕು. ಗದಗದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಸಿಕ್ಕರೆ ಮನೆ ಹತ್ತಿರನೇ ಓದಬಹುದು. ವಯಸ್ಸಿನ ಲೆಕ್ಕನೂ ನೋಡಿ, ಅಗ್ನಿವೀರಕ್ಕೆ ಹದಿನೇಳೂವರೆಯಿಂದ 21, ನೀಟ್‌ಗೆ ಮೇಲಿನ ಮಿತಿ ಇಲ್ಲ, ಹಾಗಾಗಿ ಒಂದು ವರ್ಷ ನೀಟ್‌ಗೆ ಕೊಟ್ಟು ಆಗ್ಲಿಲ್ಲ ಅಂದ್ರೆ ಅಗ್ನಿವೀರದ ಬಾಗಿಲು ಆಗಲೂ ತೆರೆದಿರುತ್ತೆ, ಅವನಿಗೆ 21 ತುಂಬಿರಬಾರದು ಅಷ್ಟೆ. ಈಗ ಸುಗ್ಗಿ ಕೆಲಸ ಏನೇ ಇರ್ಲಿ, ಒಂದು ದಿನ ಬಿಡುವು ಮಾಡ್ಕೊಂಡು ಸಾಲಿಗೆ ಹೋಗಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಎರಡೂ ಸರ್ಟಿಫಿಕೇಟಿಗೆ ಹೆಡ್ ಮಾಸ್ತರ ಸಹಿ, ಬಿಇಓ ಸಹಿ ಮಾಡಿಸಿಟ್ಕೊಳ್ಳಿ, ಕೌನ್ಸೆಲಿಂಗ್ ಟೈಮಲ್ಲಿ ಓಡಾಡಿದ್ರೆ ಸಿಗಲ್ಲ. ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ಯಾ ಅದನ್ನೂ ಅವತ್ತೇ ನಾಡ ಕಚೇರಿಯಲ್ಲಿ ನೋಡಿ ಬನ್ನಿ.